ಕಥೆಯಿರುವ ವಿಷ, ಕಥೆಯಿಲ್ಲದ ವಿಷ

(ಹೊಸೂರಿನಲ್ಲಿ ಕೂತು ‘ಎಣ್ಮಕಜೆ’ ಓದಿದಾಗ)

ನಾನು ವಿಮರ್ಶಕನಲ್ಲ. ಹೊಸೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಬಿ.ಎ. ತರಗತಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿದ್ದು, ಆಮೇಲೆ ಬೆಂಗಳೂರಿಗೆ ಹೋದಾಗಲೆಲ್ಲ ಒಂದೆರಡು ಪುಸ್ತಕ ಕೊಂಡು ತರುವುದು, ಇಷ್ಟೇ ಸಾಹಿತ್ಯದೊಡನೆ ನನ್ನ ನಂಟು. ಈ ವಾರ್ಷಿಕದ ಸಂಪಾದಕರು ಗಡಿನಾಡಿನ ಇನ್ನೊಂದು ಮೂಲೆಯಿಂದ ಒಂದು ಲೇಖನ ಬೇಕೆಂದು ಕೇಳಿದಾಗ, ಹಲವು ವರ್ಷಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಕಾದಂಬರಿಯ ಬಗ್ಗೆ ಬರೆಯುವ ಧೈರ್ಯ ಮಾಡಿದ್ದೇನೆ. ಅಂಬಿಕಾಸುತನ್ ಮಾಂಗಾಡ್ ಅವರ ‘ಎಣ್ಮಕಜೆ’ಯೇ ಆ ಕಾದಂಬರಿ. ಮಲಯಾಳದಲ್ಲಿ 2009ರಲ್ಲಿ ಪ್ರಕಟವಾಯಿತು. ಜೆ. ದೇವಿಕಾ ಅವರ ಇಂಗ್ಲಿಷ್ ಅನುವಾದ ‘ಸ್ವರ್ಗ’ ಎಂಬ ಹೆಸರಿನಲ್ಲಿ 2017ರಲ್ಲಿ ಬಂತು. ಸ್ವರ್ಗ ಎಂಬುದು ಆ ಭಾಗದ ಒಂದು ಊರಿನ ಹೆಸರೇ ಎಂಬುದನ್ನು ಕಾಸರಗೋಡಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಮಲಯಾಳ ಬಾರದ ನಾನು ಈ ಕಾದಂಬರಿಯನ್ನು ಮೊದಲು ಓದಿದ್ದು ಕಿವಿಯಿಂದ. ನನ್ನ ಹೆಂಡತಿಯ ತವರು ಪೆರ್ಲದ ಹತ್ತಿರ, ಎಣ್ಮಕಜೆ ಪಂಚಾಯತಿಗೆ ಸೇರಿದ ಊರು. ಕಾಲೇಜು ಓದಿದ್ದು ಕಾಸರಗೋಡಿನಲ್ಲಾದ್ದರಿಂದ ಅವಳಿಗೆ ಮಲಯಾಳ ಓದಲು ಬರುತ್ತದೆ. 2013ರಲ್ಲಿ ಅವಳ ಅಣ್ಣ ನಮ್ಮ ಮನೆಗೆ ಬಂದಾಗ ಈ ಪುಸ್ತಕವನ್ನು ತಂದುಕೊಟ್ಟರು. ರಾತ್ರಿ ಊಟವಾದ ಮೇಲೆ ಅವಳು ಕಣ್ಣಿನಲ್ಲಿ ಮಲಯಾಳ ಓದುತ್ತ ಬಾಯಿಯಲ್ಲಿ ಕನ್ನಡ ಹೇಳುತ್ತ ಹೋಗುವಳು, ನಾನು ಕೇಳುತ್ತ ಕೂರುವೆ. ಆಗ ನಮ್ಮ ಮಗನಿಗೆ ಮೂರು ವರ್ಷ. ಅವನಿಗೆ ಇನ್ನೂ ಮಾತು ಬಂದಿರಲಿಲ್ಲ.

ಈ ಕೊನೆಯ ಸಂಗತಿಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ವಿಮರ್ಶೆಯಲ್ಲಿ ಮನೆಯ ಮಾತು ತರಬಾರದೆಂದು ತಿಳಿದವರು ಹೇಳುತ್ತಾರೆ. ಆದರೆ ಒಂದು ಕೃತಿ ಮನೆಯೊಳಕ್ಕೆ ಬಂದು ಏನು ಮಾಡಿತು ಎಂಬುದೂ ವಿಮರ್ಶೆಗೆ ಸೇರಿದ ವಿಷಯವೆಂದು ನನ್ನ ಭಾವನೆ.

*

ಮೊದಲು ಕಾದಂಬರಿಯ ಹಿಂದಿನ ಸಂಗತಿ. ಹಿರಿಯರಿಗೆ ಇದು ತಿಳಿದಿರುವುದೇ. ಕಿರಿಯ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ಕಾಸರಗೋಡು ಜಿಲ್ಲೆಯ ಗುಡ್ಡಗಳಲ್ಲಿ ಕೇರಳ ತೋಟಗಾರಿಕೆ ನಿಗಮದ ಗೇರು ತೋಟಗಳಿವೆ. ಗೇರಿಗೆ ಬೀಳುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಶಾಲೆ, ತೆರೆದ ಬಾವಿ, ತೋಡು, ಸುರಂಗದ ನೀರು. ಮೇಲೆ ಬಿದ್ದದ್ದೆಲ್ಲ ಕೆಳಗಿಳಿಯಿತು. ಕರುಗಳು ವಿಕಾರವಾಗಿ ಹುಟ್ಟುವುದನ್ನು ಕಂಡು ಪತ್ರಕರ್ತ ಶ್ರೀ ಪಡ್ರೆಯವರು 1980ರ ಆಸುಪಾಸಿನಲ್ಲಿಯೇ ಎಚ್ಚರಿಸಿ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವ ಮನೆಮನೆಯ ರೋಗಗಳನ್ನು ಗುರುತು ಹಾಕುತ್ತ ಬಂದರು. ಪೆರಿಯದ ಕೃಷಿ ಇಲಾಖೆಯ ನೌಕರಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನಸೀಫ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು. ಕೇರಳದಲ್ಲಿ 2005ರಲ್ಲಿ ಇದಕ್ಕೆ ನಿಷೇಧ ಬಂತು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಇಡೀ ದೇಶದಲ್ಲಿ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಕರ್ನಾಟಕದ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಲೂ ಗೇರು ತೋಟಗಳಿಗೆ ಇದೇ ಮದ್ದು, ಮನೆಗಳಿಗೆ ಇದೇ ಕಥೆ.

ಈ ದ್ರವ್ಯವನ್ನು ಮಾಂಗಾಡರು ಕಾದಂಬರಿಯಾಗಿಸಿದ ಬಗೆ ದೊಡ್ಡದು. ಮನುಷ್ಯರ ಸಹವಾಸವೇ ಬೇಡವೆಂದು ಜಟಾಧಾರಿ ಗುಡ್ಡದ ಕಾಡಿನಲ್ಲಿ ಬದುಕುವ ಒಬ್ಬ ಗಂಡಸು, ಒಬ್ಬ ಹೆಂಗಸು. ಆರಂಭದಲ್ಲಿ ಅವರಿಗೆ ಹೆಸರೂ ಇಲ್ಲ. ಅಲ್ಲಿ ಗುಹೆ ಮಾತಾಡುತ್ತದೆ. ಒಂದು ದಿನ ಹೆಂಗಸು ಮೈತುಂಬ ಹುಣ್ಣಾದ ಒಂದು ಮಗುವನ್ನು ಎತ್ತಿಕೊಂಡು ಬರುತ್ತಾಳೆ. ಆ ಮಗುವಿನಿಂದಾಗಿ ಇಬ್ಬರೂ ಮತ್ತೆ ಲೋಕಕ್ಕೆ, ತಮ್ಮ ಹೆಸರುಗಳಿಗೆ ಮರಳಬೇಕಾಗುತ್ತದೆ. ಗಂಡಸು ನೀಲಕಂಠ, ಹೆಂಗಸು ದೇವಯಾನಿ, ಮಗು ಪರೀಕ್ಷಿತ.

ಈ ಹೆಸರುಗಳನ್ನು ಕನ್ನಡದ ಓದುಗ ಗಮನಿಸದೆ ಇರಲಾರ. ನೀಲಕಂಠ ವಿಷ ಕುಡಿದವನು. ಪರೀಕ್ಷಿತನಿಗೆ ಎರಡು ಕೇಡು: ತಾಯ ಹೊಟ್ಟೆಯಲ್ಲಿದ್ದಾಗ ಅಶ್ವತ್ಥಾಮನ ಅಸ್ತ್ರ, ಬೆಳೆದ ಮೇಲೆ ಋಷಿಕುಮಾರನ ಶಾಪ. ಊರವರು ಮಕ್ಕಳ ರೋಗವನ್ನು ಜಟಾಧಾರಿಯ ಶಾಪವೆಂದು ನಂಬಿದ್ದಾರೆ. ಹಳೆಯ ವೈದ್ಯ ಪಂಜಿಯ ಬಾಯಿಯಲ್ಲಿ ಬರುವುದೂ ಅದೇ ಮಾತು. ಕಾದಂಬರಿ ಮುಂದುವರಿದಂತೆ ಶಾಪದ ಕಥೆ ಹಿಂದೆ ಸರಿದು ಅಸ್ತ್ರದ ಕಥೆ ಮುಂದೆ ಬರುತ್ತದೆ. ತಲೆಮಾರುಗಳಿಂದ ತಾಯಂದಿರ ತಲೆಯ ಮೇಲೆ ಕೂತಿದ್ದ ದೋಷವನ್ನು ಎತ್ತಿ ಆಕಾಶದಲ್ಲಿ ಹಾರುವ ಯಂತ್ರದ ಮೇಲೆ, ಅದನ್ನು ಹಾರಿಸಿದವರ ಮೇಲೆ ಇಡುವುದು ಈ ಕೃತಿಯ ಮುಖ್ಯ ಕೆಲಸ. ಬರಿಯ ವರದಿಯಿಂದ ಇದಾಗುತ್ತಿರಲಿಲ್ಲ. ದೈವದ ಮೇಲಿನ ನಂಬಿಕೆಯನ್ನು ಹಂಗಿಸದೆ, ಆ ನಂಬಿಕೆಯೊಳಕ್ಕೇ ಹೋಗಿ ಅಲ್ಲಿಂದ ಮನುಷ್ಯನ ತಪ್ಪನ್ನು ತೋರಿಸಿಕೊಟ್ಟದ್ದು ಲೇಖಕರ ಹೆಚ್ಚುಗಾರಿಕೆ.

ಇನ್ನೊಂದು ಗುಣವನ್ನು ನನ್ನ ಹೆಂಡತಿ ತೋರಿಸಿದಳು. ಓದುತ್ತ ಓದುತ್ತ ಅವಳು ಆಗಾಗ ನಗುವಳು. ಏನೆಂದು ಕೇಳಿದರೆ, “ಇದಕ್ಕೆ ಕನ್ನಡ ಮಾಡಬೇಕಾದ್ದೇ ಇಲ್ಲ, ಇದು ನಮ್ಮದೇ ಮಾತು” ಎನ್ನುವಳು. ಮಲಯಾಳ ವಾಕ್ಯದ ನಡುವೆ ತುಳು, ಕನ್ನಡದ ಹೆಸರುಗಳು ತಮ್ಮ ಪಾಡಿಗೆ ಕುಳಿತಿವೆ. ಇಲ್ಲಿ ಕನ್ನಡದವರಾದ ನಮಗೆ ಸ್ವಲ್ಪ ನಾಚಿಕೆಯ ಪ್ರಶ್ನೆಯೊಂದು ಏಳುತ್ತದೆ. ನೊಂದವರಲ್ಲಿ ಎಷ್ಟೋ ಮನೆಗಳು ಕನ್ನಡ, ತುಳು ಆಡುವವು. ಮೊದಲು ಬರೆದ ಪತ್ರಕರ್ತರು ಕನ್ನಡದವರು. ಆದರೂ ಅವರ ನೋವಿನ ಹೆಸರಾಂತ ಕಾದಂಬರಿ ಬಂದದ್ದು ಮಲಯಾಳದಲ್ಲಿ. ಇದರಲ್ಲಿ ಮತ್ಸರಕ್ಕೆ ಎಡೆಯಿಲ್ಲ. ಪಕ್ಕದ ಮನೆಯವರು ನಮ್ಮ ಮನೆಯ ಸಾವಿಗೆ ಬಂದು ಅತ್ತಿದ್ದಾರೆ, ಅವರ ಋಣ ನಮ್ಮ ಮೇಲಿದೆ.

*

ಇಷ್ಟು ಮೆಚ್ಚಿಕೊಂಡ ಮೇಲೆ ನನ್ನ ತಕರಾರನ್ನು ಹೇಳಬಹುದು.

ಪರೀಕ್ಷಿತ ಎಂಬ ಮಗು ಕಾದಂಬರಿಯ ಹೃದಯದಲ್ಲಿದೆ. ಆದರೆ ಅದು ಯಾವುದಕ್ಕೆ ನಗುತ್ತದೆ, ಯಾರನ್ನು ಕಂಡರೆ ಮುಖ ತಿರುಗಿಸುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ ಎಂಬುದು ನನ್ನ ನೆನಪಿನಲ್ಲಿ ನಿಂತಿಲ್ಲ. ನಿಂತಿರುವುದು ಹುಣ್ಣು. ಉತ್ತರಾರ್ಧದಲ್ಲಿ ಹೋರಾಟ, ಸಭೆ, ರಾಜಕಾರಣಗಳು ಕಥೆಯನ್ನು ತುಂಬಿಕೊಂಡಾಗ ಮಗು ಸಾಕ್ಷ್ಯವಾಗಿ ಮಾತ್ರ ಉಳಿಯುತ್ತದೆ. ಕಾಸರಗೋಡಿನ ಮಕ್ಕಳ ಛಾಯಾಚಿತ್ರಗಳ ಬಗ್ಗೆಯೂ ಇದೇ ಮಾತನ್ನು ಹೇಳಬೇಕಾಗುತ್ತದೆ. ದೊಡ್ಡ ತಲೆ, ತಿರುಚಿದ ಕಾಲು, ನೋಡುವವರ ಎದೆಯೊಡೆಯುವ ಕಣ್ಣು. ಆ ಚಿತ್ರಗಳಿಲ್ಲದಿದ್ದರೆ ದೆಹಲಿಯವರೆಗೆ ಸುದ್ದಿ ಮುಟ್ಟುತ್ತಿರಲಿಲ್ಲ, ನಿಜ. ಡಾ. ಬಿಜು ಅವರು 2015ರ ತಮ್ಮ ‘ವಲಿಯ ಚಿರಕುಳ್ಳ ಪಕ್ಷಿಗಳ್’ ಚಲನಚಿತ್ರದಲ್ಲಿ ಒಬ್ಬ ಛಾಯಾಗ್ರಾಹಕನನ್ನೇ ನಾಯಕನನ್ನಾಗಿ ಮಾಡಿದ್ದಾರೆ. ಚಿತ್ರ ತೆಗೆದು ಹೋದವನು ಮತ್ತೆ ಆ ಮಕ್ಕಳ ನಡುವೆ ಬಂದು ನಿಲ್ಲುವುದನ್ನು ತೋರಿಸುತ್ತಾರೆ. ಅವರಿಗೂ ಈ ಇರುಸುಮುರುಸು ಆಗಿರಬೇಕು.

ಇದು ನಮ್ಮ ಕಡೆಯದೊಂದೇ ಸಮಸ್ಯೆಯಲ್ಲ. ಜಪಾನಿನ ಮಿನಮಾಟದಲ್ಲಿ ಚಿಸ್ಸೊ ಎಂಬ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಗರ್ಭಿಣಿಯರಿಗೂ ಅವರ ಹೊಟ್ಟೆಯ ಶಿಶುಗಳಿಗೂ ತಾಗಿತು. ಆ ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಅಮೆರಿಕದ ಯೂಜೀನ್ ಸ್ಮಿತ್ 1971ರಲ್ಲಿ ಅಲ್ಲಿ ತೆಗೆದ ಒಂದು ಚಿತ್ರ, ತಾಯಿ ತನ್ನ ಮಗಳನ್ನು ಮೀಯಿಸುತ್ತಿರುವುದು, ಜಗತ್ತಿಗೆಲ್ಲ ಹಬ್ಬಿತು. ಆ ಹುಡುಗಿ 1977ರಲ್ಲಿ ತೀರಿಕೊಂಡಳು. ಮಗಳು ಇನ್ನಾದರೂ ವಿಶ್ರಾಂತಿ ಪಡೆಯಲೆಂದು ತಂದೆತಾಯಿ ಬಯಸಿದ್ದರಿಂದ 1998ರಲ್ಲಿ ಆ ಚಿತ್ರವನ್ನು ಮತ್ತೆ ಮುದ್ರಣಕ್ಕೆ ಕೊಡದಂತೆ ಹಿಂದಕ್ಕೆ ತೆಗೆದುಕೊಂಡರು. ಅದೇ ಮಿನಮಾಟದ ಮೇಲೆ ಇಶಿಮುರೆ ಮಿಚಿಕೊ ಎಂಬ ಗೃಹಿಣಿ 1969ರಲ್ಲಿ ತಂದ ಪುಸ್ತಕದಲ್ಲಿ ರೋಗಿಗಳು ತಮ್ಮ ಊರಿನ ಆಡುಮಾತಿನಲ್ಲಿ ತಾವೇ ಮಾತಾಡುವಂತೆ ಬರೆದಿದ್ದಾರೆ. ಚಿತ್ರದಲ್ಲಿ ಕಾಣುವುದಕ್ಕೂ ಮಾತಿನಲ್ಲಿ ಕೇಳುವುದಕ್ಕೂ ಎಷ್ಟು ಅಂತರ ಎಂಬುದು ಈ ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ.

ನನ್ನ ತಕರಾರಿನ ತಿರುಳು ಇಷ್ಟು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಪಡ್ರೆಯ ಶಾಲಾ ಮಕ್ಕಳನ್ನೂ, ಸಿಂಪಡಣೆಯಿಲ್ಲದ ಮೀಂಜದ ಮಕ್ಕಳನ್ನೂ ಹೋಲಿಸಿ ನೋಡಿದರು. ಪಡ್ರೆಯಲ್ಲಿ ಕಲಿಕೆಯ ತೊಡಕುಳ್ಳ ಮಕ್ಕಳು, ಓದಿನಲ್ಲಿ ಹಿಂದುಳಿದ ಮಕ್ಕಳು ಹೆಚ್ಚೆಂದು ಅವರ ವರದಿ ಹೇಳಿತು. ಹುಡುಗರ ಬೆಳವಣಿಗೆ ತಡವಾಗುವುದರ ಬಗ್ಗೆ ಅದೇ ತಂಡದ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಈ ನಿರ್ಣಯಗಳನ್ನು ಒಪ್ಪದ ಸಮಿತಿಗಳೂ ಕೃಷಿ ವಿಜ್ಞಾನಿಗಳೂ ಇದ್ದರು, ಈಗಲೂ ಇದ್ದಾರೆ. ಆ ವಾದದೊಳಕ್ಕೆ ನಾನು ಹೋಗುವುದಿಲ್ಲ. ನನಗೆ ಮುಖ್ಯವಾದದ್ದು ಆ ವರದಿಯಲ್ಲಿರುವ ಮಗು. ಅದರ ಮೈಮೇಲೆ ಹುಣ್ಣಿಲ್ಲ, ತಲೆ ದೊಡ್ಡದಿಲ್ಲ. ಶಾಲೆಗೆ ಬರುತ್ತದೆ, ಹಿಂದಿನ ಬೆಂಚಿನಲ್ಲಿ ಕೂರುತ್ತದೆ, ಏಳರ ಮಗ್ಗಿ ತಲೆಗೆ ಹತ್ತುವುದಿಲ್ಲ, ಮೇಷ್ಟರಿಂದ ಏಟು ತಿನ್ನುತ್ತದೆ. ಎಂಡೋಸಲ್ಫಾನ್ ನರಗಳನ್ನು ಶಾಂತಗೊಳಿಸುವ ಸಂಕೇತಕ್ಕೆ ಅಡ್ಡ ಬರುವ ವಸ್ತು. ಅಂಥದು ಮಿದುಳು ಬೆಳೆಯುವ ಕಾಲಕ್ಕೆ ತಾಗಿದರೆ ಆಗುವ ಹಾನಿಯೆಲ್ಲ ಛಾಯಾಚಿತ್ರಕ್ಕೆ ಸಿಕ್ಕಬೇಕೆಂದಿಲ್ಲ. ಮಗ್ಗಿ ಬಾರದ ಈ ಮಗುವಿಗೆ ‘ಎಣ್ಮಕಜೆ’ಯಲ್ಲಿ ಜಾಗ ಕಡಿಮೆ. ಎಣಿಸಿದರೆ ಇಂಥ ಮಕ್ಕಳೇ ಹೆಚ್ಚು.

*

ಈಗ ಮನೆಯ ಮಾತು.

ಮಗನಿಗೆ ಮಾತು ತಡವಾದಾಗ ನಮ್ಮ ಮುಂದೆ ಎರಡು ಕಥೆಗಳಿದ್ದವು. ಮೊದಲನೆಯದನ್ನು ನನ್ನ ತಾಯಿ ತಂದರು: ನಾಗದೋಷ. ಅದಕ್ಕೆ ಬೇಕಾದ ಪೂಜೆಗಳನ್ನೆಲ್ಲ ಮಾಡಿಸಿದೆವು. ಎರಡನೆಯದನ್ನು ತಂದದ್ದು ಒಬ್ಬ ಶಿಕ್ಷಕಿ: “ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಇಲ್ಲಿ ತಮಿಳು, ಮಗುವಿಗೆ ಗಲಿಬಿಲಿ ಆಗುತ್ತೆ ಸಾರ್. ಕನ್ನಡ ಬಿಟ್ಟು ತಮಿಳು ಒಂದನ್ನೇ ಆಡಿ.” ಹೊಸೂರು, ತಳಿ, ಬಾಗಲೂರು, ಬೇರಿಗೈ ಕಡೆಯ ಕನ್ನಡದ ಮನೆಗಳಲ್ಲಿ ಈ ಉಪದೇಶವನ್ನು ಕೇಳದವರು ಕಡಿಮೆ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಮಾತಿನ ದೋಷ ಹುಟ್ಟುವುದಿಲ್ಲವೆಂದು ಈ ವಿಷಯದ ಸಂಶೋಧನೆಗಳು ಮತ್ತೆ ಮತ್ತೆ ಹೇಳಿವೆ. ನಮಗೆ ಅದು ಗೊತ್ತಿರಲಿಲ್ಲ. ಎಂಟು ತಿಂಗಳು ನನ್ನ ಹೆಂಡತಿ ಮಗನೊಡನೆ ತನಗೆ ಸರಿಯಾಗಿ ಬಾರದ ತಮಿಳಿನಲ್ಲಿ ಮಾತಾಡಿದಳು. ಹಾಡು ಹೇಳುವುದನ್ನು ನಿಲ್ಲಿಸಿದಳು, ಏಕೆಂದರೆ ಅವಳಿಗೆ ಬರುತ್ತಿದ್ದ ಹಾಡುಗಳೆಲ್ಲ ಕನ್ನಡದವು, ತುಳುವಿನವು.

ಆ ಹೊತ್ತಿಗೆ ಮನೆಗೆ ಬಂದ ಮೂರನೆಯ ಕಥೆ ‘ಎಣ್ಮಕಜೆ’.

ರಾತ್ರಿ ನಮ್ಮ ಓದನ್ನು ಬಾಗಿಲ ಬಳಿ ಕೂತು ನನ್ನ ಅಕ್ಕನೂ ಕೇಳುತ್ತಿದ್ದಳು. ನಾಲ್ಕೈದು ದಿನ ಕೇಳಿದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ, ಎಲ್ಲರಿಗೂ ಕೇಳುವಂತೆ, “ಹಾಗಾದ್ರೆ ಆ ವಿಷದ ಊರಿನಿಂದ ಹೆಣ್ಣು ತಂದಿದ್ದಕ್ಕೇ ಇದೆಲ್ಲ ಆಗಿರೋದು” ಎಂದಳು. ನನ್ನ ಹೆಂಡತಿ ಒಲೆಯ ಮುಂದೆ ನಿಂತಿದ್ದವಳು ತಿರುಗಿ ನೋಡಲಿಲ್ಲ. ಅವಳು ಹುಟ್ಟಿದ್ದು 1983ರಲ್ಲಿ. ಹದಿನೇಳು ವರ್ಷ ಆ ಸಿಂಪಡಣೆಯ ಕೆಳಗೇ ಬೆಳೆದವಳು. ಹೆಲಿಕಾಪ್ಟರಿನ ಸದ್ದು ಕೇಳಿದರೆ ಶಾಲೆಯಿಂದ ಓಡಿಬಂದು ಅಂಗಳದಲ್ಲಿ ನಿಂತು ಕೈ ಬೀಸುತ್ತಿದ್ದೆವೆಂದು ನನಗೆ ಅವಳೇ ಹೇಳಿದ್ದಳು. ಆ ಕಡೆಯ ಹೆಣ್ಣುಮಕ್ಕಳಿಗೆ ಮದುವೆ ಸಂಬಂಧ ಕೂಡಿಬರುವುದು ಕಷ್ಟವಾದ ದಿನಗಳನ್ನು ಈ ವಾರ್ಷಿಕದ ಓದುಗರು ಬಲ್ಲರು. ಅಂದಿನಿಂದ ಅವಳು ಪುಸ್ತಕ ಓದಿಹೇಳಲಿಲ್ಲ. ನಾನೂ ಓದು ಎನ್ನಲಿಲ್ಲ. ಅಕ್ಕನಿಗೆ ಎದುರು ಹೇಳಲೂ ಇಲ್ಲ. ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಅದೇ ಸಂಶಯ ಆಗಲೇ ಕೂತಿತ್ತು. ಅದನ್ನು ಇಲ್ಲಿ ಮುಚ್ಚಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ಶಾಪವನ್ನು ತಾಯಂದಿರ ತಲೆಯಿಂದ ಇಳಿಸಲು ಬರೆದ ಕಾದಂಬರಿ ನಮ್ಮ ಮನೆಯಲ್ಲಿ ಒಬ್ಬ ತಾಯಿಯ ತಲೆಗೆ ಶಾಪವಾಗಿ ಏರಿತು. ತಪ್ಪು ಲೇಖಕರದಲ್ಲ, ಕೇಳಿಸಿಕೊಂಡ ನಮ್ಮದು. ಆದರೂ ಹಾಗೇಕಾಯಿತು ಎಂದು ಯೋಚಿಸುತ್ತ ಬಂದಿದ್ದೇನೆ.

2015ರಲ್ಲಿ ಬೆಂಗಳೂರಿನ ಒಬ್ಬ ವೈದ್ಯರು ಮಗನನ್ನು ನೋಡಿದರು. ಗಮನ ನಿಲ್ಲದಿರುವುದು, ಕಲಿಕೆಯ ತೊಡಕು, ರಕ್ತಹೀನತೆ, ಇಷ್ಟನ್ನು ಬರೆದುಕೊಂಡ ಮೇಲೆ ಅವರು ಹುಟ್ಟಿದೂರನ್ನು ಕೇಳಲಿಲ್ಲ, ಜಾತಕ ಕೇಳಲಿಲ್ಲ. “ಮಣ್ಣು ತಿನ್ನುತ್ತಾನೆಯೇ? ಮನೆಯ ಹತ್ತಿರ ಏನಿದೆ?” ಎಂದು ಕೇಳಿದರು. ಮಣ್ಣು ತಿನ್ನುತ್ತಿದ್ದ, ಗೋಡೆ ಕೆರೆದು ಬಾಯಿಗೆ ಹಾಕುತ್ತಿದ್ದ. ಮನೆಯ ಹಿಂದಿನ ಗಲ್ಲಿಯಲ್ಲಿ ಒಂದು ತಗಡಿನ ಶೆಡ್ಡು. ಹಳೆಯ ಬ್ಯಾಟರಿಗಳನ್ನು ಒಡೆದು ರಾತ್ರಿ ಹೊತ್ತು ಸೀಸ ಕರಗಿಸುವ ಶೆಡ್ಡು. ನಾವು ಆ ಬಾಡಿಗೆ ಮನೆಗೆ ಬಂದಾಗ ಮಗನಿಗೆ ಒಂದು ವರ್ಷವೂ ತುಂಬಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸೀಸ ಡೆಸಿಲೀಟರಿಗೆ 21 ಮೈಕ್ರೋಗ್ರಾಂ. 5 ದಾಟಿದರೇ ಮೂಲ ಹುಡುಕಬೇಕೆಂದು ಅವರು ಹೇಳಿದರು. ಈ ಮಟ್ಟಕ್ಕೆ ಸೀಸವನ್ನು ತೆಗೆಯುವ ಔಷಧಿ ಕೊಡುವುದಿಲ್ಲ. ಮೂಲದಿಂದ ದೂರ ಮಾಡುವುದು, ಕಬ್ಬಿಣಾಂಶ, ಸುಣ್ಣದಂಶ ಕೊಡುವುದು, ಇಷ್ಟೇ ಚಿಕಿತ್ಸೆ.

ಶೆಡ್ಡಿನವರು ನಮ್ಮ ಶಾಖೆಯ ಗ್ರಾಹಕರು. ಅವರು ತರುತ್ತಿದ್ದ ನೋಟಿನ ಕಟ್ಟುಗಳು ಬೂದು ಹಿಡಿದಿರುತ್ತಿದ್ದವು. ಎಣಿಸಿದ ಮೇಲೆ ಬೆರಳು ಕಪ್ಪಾಗುತ್ತಿತ್ತು. ನಾಲ್ಕು ವರ್ಷ ನಾನೇ ಎಣಿಸಿದ್ದೇನೆ. ಅದೇ ಕೈಯಲ್ಲಿ ಮನೆಗೆ ಬಂದು ಮಗನನ್ನು ಎತ್ತಿಕೊಂಡಿದ್ದೇನೆ. ನೂರಾರು ಮೈಲಿ ಆಚೆಯ ಗೇರು ಗುಡ್ಡ ನನ್ನ ಕಣ್ಣಿಗೆ ಕಾಣಿಸಿತ್ತು, ಹಿತ್ತಿಲಿನ ಹೊಗೆ ಕಾಣಿಸಿರಲಿಲ್ಲ.

*

ಏಕೆ ಕಾಣಿಸಲಿಲ್ಲ? ಆ ಹೊಗೆಗೆ ಕಥೆಯಿರಲಿಲ್ಲ. ಇದು ನನ್ನ ಉತ್ತರ.

ಎಂಡೋಸಲ್ಫಾನಿಗೆ ಒಂದು ಹೆಲಿಕಾಪ್ಟರ್ ಇತ್ತು. ಆಕಾಶದಿಂದ ಬರುವ ಸದ್ದು, ಕೆಳಗೆ ಬೀಳುವ ಹನಿ, ಒಬ್ಬ ಮಾಲೀಕ, ಒಂದು ಊರಿನ ಹೆಸರು. ಕಥೆಗಾರನಿಗೆ ಬೇಕಾದ್ದೆಲ್ಲ ಅಲ್ಲಿತ್ತು. ಸೀಸಕ್ಕೆ ಇದಾವುದೂ ಇಲ್ಲ. ಅದು ನಮ್ಮ ಮನೆಯ ಹಳೆಯ ಒಕ್ಕಲು. ಗೋಡೆಯ ಬಣ್ಣದಲ್ಲಿತ್ತು, ನಮ್ಮ ದೇಶದಲ್ಲಿ ಮನೆಯ ಬಣ್ಣಕ್ಕೆ 90 ಪಿ.ಪಿ.ಎಂ. ಮಿತಿ ಹಾಕಿದ ನಿಯಮ 2016ರಲ್ಲಷ್ಟೇ ಬಂತು. 2000ದವರೆಗೆ ಪೆಟ್ರೋಲಿನಲ್ಲಿತ್ತು. ಹಿತ್ತಾಳೆ ಪಾತ್ರೆಗೆ ಹಾಕುವ ಕಲಾಯಿಯ ತವರದಲ್ಲಿ ಕಲಬೆರಕೆಯಾಗಿ ಬರುತ್ತದೆ. ನಮ್ಮ ಊರಿನ ತಮಿಳಿನಲ್ಲಿ ಸೀಸಕ್ಕೂ ತವರಕ್ಕೂ ‘ಈಯಂ’ ಎಂಬ ಒಂದೇ ಮಾತು ನಡೆಯುತ್ತದೆ. ಅಂಗಡಿಯಲ್ಲಿ ಸಾರಿನ ಈಯದ ಚೊಂಬು ಕೊಳ್ಳುವವಳು ಯಾವ ಈಯ ಎಂದು ಕೇಳುವುದು ಹೇಗೆ? ಕನ್ನಡದಲ್ಲಿ ಬೇರೆಯೇ ತಮಾಷೆ. ಸೀಸವೇ ಇಲ್ಲದ ಪೆನ್ಸಿಲನ್ನು ನಾವು ಸೀಸದಕಡ್ಡಿ ಎಂದು ಕರೆದು ಮಗುವಿನ ಕೈಗೆ ಕೊಡುತ್ತೇವೆ. ಅದನ್ನು ಹಿಡಿದು ಕೂರಲಾರದಂತೆ ಮಾಡುವ ಸೀಸ ಬೇರೆಲ್ಲೋ ಇರುತ್ತದೆ.

ಅದು ಕೆಲಸ ಮಾಡುವ ಬಗೆಯೂ ಕಳ್ಳನದು. ದೇಹ ಅದನ್ನು ಸುಣ್ಣದಂಶವೆಂದು ತಪ್ಪು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ, ಎಲುಬಿನಲ್ಲಿ ದಶಕಗಳ ಕಾಲ ಇಟ್ಟುಕೊಳ್ಳುತ್ತದೆ. ಒಂದೇ ಪ್ರಮಾಣದ ಸೀಸದಲ್ಲಿ ದೊಡ್ಡವರ ದೇಹಕ್ಕಿಂತ ಮಗುವಿನ ದೇಹ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ರಕ್ತಹೀನತೆಯಿದ್ದರೆ ಇನ್ನೂ ಹೆಚ್ಚು. ನರಕೋಶಗಳ ನಡುವೆ ಸಂಬಂಧಗಳು ಹೆಣೆದುಕೊಳ್ಳುವ ವಯಸ್ಸಿನಲ್ಲಿ ಅಲ್ಲಿ ಹೋಗಿ ಅಡ್ಡ ಕೂರುತ್ತದೆ. ಹುಣ್ಣಿಲ್ಲ, ಜ್ವರವಿಲ್ಲ. ಮಗು ಸ್ವಲ್ಪ ಮಂಕು, ಸ್ವಲ್ಪ ತುಂಟ ಎನ್ನಿಸುತ್ತದೆ, ಅಷ್ಟೆ. ಅಮೆರಿಕದ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯ ಬಾಸ್ಟನ್ ಪಕ್ಕದ ಎರಡು ಪಟ್ಟಣಗಳ ಶಾಲಾ ಮಕ್ಕಳಿಂದ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ, ಅವುಗಳಲ್ಲಿನ ಸೀಸವನ್ನು ಅಳೆದ. ಸೀಸ ಹೆಚ್ಚಿದ್ದ ಮಕ್ಕಳ ಬುದ್ಧಿಮಾಪನ ಕಡಿಮೆಯೆಂದೂ, ಅವರು ತರಗತಿಯಲ್ಲಿ ಗಮನವಿಟ್ಟು ಕೂರುವುದಿಲ್ಲವೆಂದು ಉಪಾಧ್ಯಾಯರು ಹೇಳಿದ್ದು ಹೆಚ್ಚೆಂದೂ 1979ರಲ್ಲಿ ಪ್ರಕಟಿಸಿದ. ಕಾಯಿಲೆಯೇ ಇಲ್ಲವೆಂದು ಎಲ್ಲರೂ ತಿಳಿದಿದ್ದ ಮಕ್ಕಳು ಅವರು. ಅವನ ಮೇಲೆ ಅಪಚಾರದ ಆರೋಪ ಹೊರಿಸಿ ವಿಚಾರಣೆ ನಡೆಸಿದರು. ಕೊನೆಗೆ ಅವನ ಮಾತೇ ನಿಂತಿತು. ನಾವು ಮಕ್ಕಳ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತೇವೆ. ನಮ್ಮ ಸೂರುಗಳ ಮೇಲೆ ಎಷ್ಟು ಕಥೆಗಳು ಬಿದ್ದಿವೆಯೋ!

ನಮ್ಮ ಕಡೆಗೇ ಬಂದರೆ, ಜಾರ್ಜ್ ಪ್ರತಿಷ್ಠಾನದವರು ಡಾ. ವೆಂಕಟೇಶ ತುಪ್ಪಿಲ್ ಅವರಂಥವರೊಡನೆ ಬೆಂಗಳೂರು ಮೊದಲಾದ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೀಸ 10ಕ್ಕಿಂತ ಮೇಲಿದೆಯೆಂದು 1999ರಲ್ಲಿಯೇ ಹೇಳಿದ್ದರು. ಅದರ ಮರುವರ್ಷ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಅದೇ ಪ್ರತಿಷ್ಠಾನದ ‘ಶಾಂತಿಭವನ’ ಶಾಲೆ ನಮ್ಮ ಕೃಷ್ಣಗಿರಿ ಜಿಲ್ಲೆಯ ಬಾಲಿಗಾನಪಲ್ಲಿಯಲ್ಲಿದೆ. ಆ ಹಾದಿಯಲ್ಲಿ ನಾನು ಎಷ್ಟೋ ಸಲ ಹೋಗಿದ್ದೇನೆ. ವರದಿ ಇತ್ತು, ನಾನು ಓದುವವನೂ ಆಗಿದ್ದೆ. ಆದರೂ ಅದು ನನ್ನ ಹಿತ್ತಿಲಿಗೆ ಬರಲಿಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ ವರದಿ ಜಗತ್ತಿನ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಸೀಸ 5ರ ಮೇಲಿದೆಯೆಂದೂ, ಅಂಥ ಮಕ್ಕಳು ಭಾರತದಲ್ಲೇ 27 ಕೋಟಿಗೂ ಹೆಚ್ಚೆಂದೂ ಅಂದಾಜು ಮಾಡಿತು. 27 ಕೋಟಿ ಮಕ್ಕಳು, ಒಂದೂ ‘ಎಣ್ಮಕಜೆ’ ಇಲ್ಲ.

*

ಹಾಗಾದರೆ ನಾನು ಹೇಳುತ್ತಿರುವುದು ‘ಎಣ್ಮಕಜೆ’ ದಾರಿ ತಪ್ಪಿಸುವ ಕೃತಿ ಎಂದೇ? ಖಂಡಿತ ಅಲ್ಲ. ಕಥೆಯೊಂದು ಎಷ್ಟು ಶಕ್ತಿಯುಳ್ಳದ್ದು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಅದು ಒಂಟಿಯಾಗಿದೆ. ಒಂದೇ ದೀಪವಿರುವ ಊರಿನಲ್ಲಿ ಕಳೆದುಹೋದದ್ದನ್ನೆಲ್ಲ ಆ ದೀಪದ ಕೆಳಗೇ ಹುಡುಕುವಂತೆ ನಾವು ಮಾಡಿದೆವು. ಇನ್ನಷ್ಟು ದೀಪಗಳು ಬೇಕೆಂಬುದು ನನ್ನ ಕೋರಿಕೆ.

ಅಂಥ ಕಾದಂಬರಿಯನ್ನು ಬರೆಯುವುದು ಸುಲಭವಲ್ಲ. ಅದರಲ್ಲಿ ಖಳನಿಗೆ ಒಂದೇ ಮುಖವಿರುವುದಿಲ್ಲ. ಶೆಡ್ಡಿನಲ್ಲಿ ಸೀಸ ಕರಗಿಸುವವನ ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ. ಅವರ ರಕ್ತವನ್ನು ಯಾರೂ ಪರೀಕ್ಷಿಸಿಲ್ಲ. ಹಣ ಎಣಿಸುವ ಗುಮಾಸ್ತನೂ ಕಥೆಯೊಳಗೇ ಇರುತ್ತಾನೆ. ಕೊನೆಯಲ್ಲಿ ಲೆಕ್ಕವೂ ಸರಿಹೊಂದುವುದಿಲ್ಲ. ನನ್ನ ಮಗನ ಕಷ್ಟದಲ್ಲಿ ಸೀಸದ ಪಾಲೆಷ್ಟು, ಹುಟ್ಟಿನಿಂದ ಬಂದದ್ದೆಷ್ಟು, ಅವನ ತಾಯಿ ಬಾಲ್ಯದಲ್ಲಿ ಉಸಿರಾಡಿದ ಗಾಳಿಯ ಪಾಲು ಇದೆಯೋ ಇಲ್ಲವೋ, ಇದನ್ನು ಬಿಡಿಸಿ ಹೇಳಲು ಯಾವ ವೈದ್ಯರಿಂದಲೂ ಆಗದು. ಸಾವಿರ ಮಕ್ಕಳ ಬಗ್ಗೆ ಖಚಿತವಾಗಿ ಹೇಳಬಲ್ಲ ವಿಜ್ಞಾನ ಒಂದು ಮಗುವಿನ ಮುಂದೆ ಬಂದಾಗ ಸುಮ್ಮನಾಗುತ್ತದೆ. ದಿನದ ಕೊನೆಗೆ ಒಂದು ರೂಪಾಯಿ ವ್ಯತ್ಯಾಸ ಬಂದರೆ ಮನೆಗೆ ಹೋಗಲಾಗದ ಕೆಲಸ ನನ್ನದು. ಈ ವ್ಯತ್ಯಾಸದೊಡನೆ ಬದುಕುವುದನ್ನು ನಿಧಾನವಾಗಿ ಕಲಿಯಬೇಕಾಯಿತು. ವಿಜ್ಞಾನ ಸುಮ್ಮನಾದಲ್ಲಿ ಶಾಪದ ಕಥೆ ಬಂದು ಕೂರದಂತೆ ನೋಡಿಕೊಳ್ಳುವುದು ಸಾಹಿತ್ಯದ ಕೆಲಸವೆಂದು ನನಗೆ ತೋರುತ್ತದೆ.

ಮನೆ ಬದಲಾಯಿಸಿದೆವು. ಒಂದು ವರ್ಷದಲ್ಲಿ ರಕ್ತದ ಸೀಸ 9ಕ್ಕೆ ಇಳಿಯಿತು. ಮಿದುಳಿಗೆ ಆದದ್ದು ಹಿಂದಕ್ಕೆ ಬರುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಸಂಬಂಧಪಟ್ಟವರಿಗೆ ಅರ್ಜಿ ಬರೆದೆ. ತಲುಪಿದೆಯೆಂದು ಸ್ವೀಕೃತಿ ಬಂತು. ಶೆಡ್ಡು ಈಗ ಅಲ್ಲಿಲ್ಲ. ಮುಚ್ಚಿತೆಂದು ನನಗೆ ನಂಬಿಕೆಯಿಲ್ಲ, ಬೇರೆ ಗಲ್ಲಿಗೆ ಹೋಗಿರಬೇಕು. ನನ್ನ ಹೆಂಡತಿ ಮಗನೊಡನೆ ಮತ್ತೆ ಕನ್ನಡ ಆಡತೊಡಗಿದಳು. ಅವನ ಮೊದಲ ಪೂರ್ತಿ ವಾಕ್ಯ ಬಂದದ್ದು ಐದೂವರೆ ವರ್ಷಕ್ಕೆ, ಅವಳ ಊರಿನ ಕನ್ನಡದಲ್ಲಿ: “ಎನಗೆ ಬೇಡ.” ಈಗ ಅವನಿಗೆ 15. ಮೂರು ಭಾಷೆಯಲ್ಲಿ ಜಗಳವಾಡುತ್ತಾನೆ, ಮೂರರಲ್ಲೂ ನಿಧಾನವಾಗಿ ಓದುತ್ತಾನೆ, ಏಳರ ಮಗ್ಗಿ ಈಗಲೂ ಬರುವುದಿಲ್ಲ. ಕೆಟ್ಟ ಫ್ಯಾನು, ಮಿಕ್ಸಿಗಳನ್ನು ಬಿಚ್ಚಿ ಜೋಡಿಸುತ್ತಾನೆ.

ಅಕ್ಕ ಈಗಲೂ ಒಪ್ಪಿಲ್ಲ. ಹೋದ ವರ್ಷ ಅವಳೆದುರಿಗೇ ನನ್ನ ಹೆಂಡತಿ ಒಂದು ಮಾತು ಹೇಳಿದಳು: “ಅತ್ತಿಗೇ, ನನ್ನ ಊರಿನ ಹೆಸರು ಹೇಳಿದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ನಿಮ್ಮ ಊರಿನ ಹೆಸರು ಹೇಳಿದರೆ ಗುಲಾಬಿ ಹೂವಿನ ಊರು ಎನ್ನುತ್ತಾರೆ. ಮಗ ಮಣ್ಣು ತಿಂದದ್ದು ಇಲ್ಲಿ.” ಅಷ್ಟು ಹೇಳಿ, ಕಪಾಟಿನಿಂದ ಪುಸ್ತಕ ತೆಗೆದು, ಹನ್ನೆರಡು ವರ್ಷದ ಹಿಂದೆ ನಿಲ್ಲಿಸಿದ್ದ ಪುಟವನ್ನು ಹುಡುಕಿ ಮತ್ತೆ ಓದತೊಡಗಿದಳು. ನಡುವೆ ನಾನು ಇಂಗ್ಲಿಷಿನಲ್ಲಿ ಓದಿ ಮುಗಿಸಿದ್ದೆ, ಮುಂದಿನದು ನನಗೆ ಗೊತ್ತಿತ್ತು. ಆದರೂ ಕೂತು ಕೇಳಿದೆ.